ಮೊಣಕಾಲಿನ ಮಾತು ಸ್ವಲ್ಪ ಜಾಸ್ತಿ ಆಯ್ತು

ಸಿಗಡಿ, ಮೀನಿನ ತ್ಯಾಜ್ಯದ ಉಪಯೋಗಗಳ ಬಗ್ಗೆ ಬಂದ ನಿಮ್ಮ ಲೇಖನದಲ್ಲಿ, ಸಿಗಡಿ ಸಿಪ್ಪೆಯಿಂದ ತೆಗೆದ ಗ್ಲುಕೋಸಮೈನ್ (ಕೀಲುನೋವಿಗೆ ಅಂತ ಮಾರುವ ಪೂರಕ) ಮೊಣಕಾಲು ನೋವು ವಾಸಿ ಮಾಡುತ್ತದೆ ಅಂತ ಇಷ್ಟು ಖಚಿತವಾಗಿ ಬರೆಯಬಾರದಿತ್ತು. 2006ರಲ್ಲಿ ಫಲಿತಾಂಶ ಬಂದ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ 1,583 ಜನ ಇದ್ದರು, ಒಟ್ಟಾರೆ ನೋಡಿದರೆ ಗ್ಲುಕೋಸಮೈನ್ ಔಷಧವೇ ಇಲ್ಲದ ಖಾಲಿ ಮಾತ್ರೆಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ. ನಮ್ಮ ಕಲಬುರಗಿ ಕಡೆ ಸಿಗಡಿಯ ಮುಖವನ್ನೇ ನೋಡದ ಸಸ್ಯಾಹಾರಿ ಹಿರಿಯರೂ ಇದನ್ನು ತಿಂಗಳುಗಟ್ಟಲೆ ನುಂಗುತ್ತಾರೆ, ಎಲ್ಲಿಂದ ಬಂತು ಅಂತ ಅವರಿಗೆ ಯಾರೂ ಹೇಳುವುದಿಲ್ಲ! ಸಿಗಡಿ ಅಲರ್ಜಿ ಇದ್ದವರಂತೂ ಡಾಕ್ಟರನ್ನು ಕೇಳಿಯೇ ತಗೋಬೇಕು.

ಸಿಪ್ಪೆಯಿಂದ ಕೈಟೋಸಾನ್ ಅನ್ನುವ ನಾರಿನಂಥ ಉಪಯುಕ್ತ ವಸ್ತು ತೆಗೆಯುವುದು ಒಳ್ಳೆಯದೇ, ಆದರೆ ಅದಕ್ಕೆ ಬಳಸುವ ಆಸಿಡ್, ಕಾಸ್ಟಿಕ್ ಸೋಡಾದ ನೀರು ಎಲ್ಲಿಗೆ ಹೋಗುತ್ತದೆ? ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ಇನ್ನು ಇದೆಲ್ಲ ಕರಾವಳಿಯವರಿಗೆ ಮಾತ್ರ ಯಾಕೆ? ಕೆರೆಯಲ್ಲಿ ಸಾಕುವ ರೋಹು, ಕಾಟ್ಲಾ ಮೀನಿನ ಹುರುಪೆಯಲ್ಲೂ ಕೊಲಾಜೆನ್ (ಚರ್ಮ, ಮೂಳೆಗಳಲ್ಲಿರುವ ಪ್ರೋಟೀನ್) ಇದೆ, ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೀದರ್‌ನಲ್ಲೇ ಇದೆ ಅಲ್ವಾ.