ಕೇಳುವ ಸ್ವಾತಂತ್ರ್ಯವನ್ನು ಕೊಡಲೂ ಸಿದ್ಧರಿದ್ದವರು

1678ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಸಮಿತಿಯೆದುರು ಕ್ವೇಕರರ ನಾಯಕ ವಿಲಿಯಂ ಪೆನ್ ಆಡಿದ ಮಾತು ಇನ್ನಷ್ಟು ಜನರಿಗೆ ಗೊತ್ತಾಗಬೇಕು ಅಂತ ನನಗೆ ಆಸೆ. ಕ್ಯಾಥೊಲಿಕರನ್ನು ಹಣಿಯಲು ಮಾಡಿದ್ದ ಕಾನೂನುಗಳನ್ನೇ ಆಗ ಕ್ವೇಕರರೆಂಬ ಸಣ್ಣ ಕ್ರೈಸ್ತ ಪಂಥದವರ ಮೇಲೂ ಹೇರುತ್ತಿದ್ದರು. ನಾವು ಕ್ಯಾಥೊಲಿಕರಲ್ಲ, ನಮ್ಮನ್ನು ಬಿಟ್ಟುಬಿಡಿ ಅಂದು ಸುಮ್ಮನಾಗಬಹುದಿತ್ತು. ಪೆನ್ ಅಲ್ಲಿಗೇ ನಿಲ್ಲಲಿಲ್ಲ. ಮನಸ್ಸಾಕ್ಷಿಯ ಕಾರಣಕ್ಕೆ ಕ್ಯಾಥೊಲಿಕರಿಗೂ ಚಾಟಿಯೇಟು ಬೀಳಬಾರದು, ನಾವು ಕೇಳುವ ಸ್ವಾತಂತ್ರ್ಯವನ್ನು ನಾವೂ ಕೊಡಲೇಬೇಕು ಎಂದ. ಅವನನ್ನೇ ಗುಟ್ಟಿನ ಜೆಸ್ಯೂಟ್, ಅಂದರೆ ಕ್ಯಾಥೊಲಿಕ್ ಸಂನ್ಯಾಸಿ ಸಂಘದವನು, ಅಂತ ಜನ ಅನುಮಾನಿಸುತ್ತಿದ್ದ ಕಾಲವದು. ಆ ಧೈರ್ಯ ಎಷ್ಟು ದೊಡ್ಡದು, ಯೋಚಿಸಿ.

ಆಗಿನ ಕ್ವೇಕರರ ಆರಾಧನೆಯಲ್ಲಿ ಪಾದ್ರಿಯಿರಲಿಲ್ಲ, ವಿಧಿಯಿರಲಿಲ್ಲ. ಕೂಡಿ ಮೌನವಾಗಿ ಕೂರುತ್ತಿದ್ದರು, ಒಳಗಿಂದ ಪ್ರೇರಣೆಯಾದವರು ಮಾತಾಡುತ್ತಿದ್ದರು. 1670ರ ಕಾಯ್ದೆಯ ಪ್ರಕಾರ ಮನೆಯವರಲ್ಲದ ಐವರು ಅಥವಾ ಅದಕ್ಕಿಂತ ಹೆಚ್ಚು ಜನ ಹೀಗೆ ಸೇರಿದರೆ ದಂಡ. ಅದರಲ್ಲಿ ಮೂರನೇ ಒಂದು ಪಾಲು ಚಾಡಿ ಹೇಳಿದವನಿಗೆ! ದಂಡ ಕಟ್ಟದವರ ಮನೆಸಾಮಾನು ಜಪ್ತಿ. 1682ರಲ್ಲಿ ಬ್ರಿಸ್ಟಲ್‌ನಲ್ಲಿ ದೊಡ್ಡವರೆಲ್ಲ ಜೈಲು ಸೇರಿದಾಗ ಮಕ್ಕಳೇ ಬಂದು ಸಭೆ ನಡೆಸಿದರು, ಬೆತ್ತದೇಟು ತಿಂದರೂ ಬಿಡಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಪೆನ್ ಬರೀ ಕರುಣೆ ಬೇಡಲಿಲ್ಲ, ಆಳುವವರ ಲೆಕ್ಕದಲ್ಲೇ ವಾದಿಸಿದ. ದುಡಿಯುವವನ ಬದುಕನ್ನೇ ಹಾಳುಮಾಡಿದರೆ ದೇಶಕ್ಕೆ ಬರುವ ಆದಾಯ ಎಲ್ಲಿಂದ? ಹೆದರಿಸಿ ಚರ್ಚಿಗೆ ಎಳೆತಂದರೆ ಸಿಗುವುದು ಭಕ್ತನಲ್ಲ, ಆಷಾಢಭೂತಿ. ದೇವರ ಮುಂದೆಯೇ ನಾಟಕವಾಡುವವನು ದೊರೆಗೆ ನಿಷ್ಠನಾಗಿರುತ್ತಾನೆಯೇ? ಸರ್ಕಾರ ಒಂದೇ ಪಂಥವನ್ನು ಎತ್ತಿ ಹಿಡಿದರೆ ಮಿಕ್ಕವರಿಗೆ ಅದು ಉರುಳಿದರೇ ಒಳ್ಳೆಯದು ಅನ್ನಿಸುತ್ತದೆ. ಎಲ್ಲರ ಮನೆಯನ್ನೂ ಸಮನಾಗಿ ಕಾಯುವ ಸರ್ಕಾರ ಉಳಿಯಲಿ ಅಂತ ಎಲ್ಲರೂ ಬಯಸುತ್ತಾರೆ.

ಈ ವಾದ ಗಟ್ಟಿಯಾದದ್ದೇ. ಆದರೂ ಲಾಭದ ಮೇಲಷ್ಟೇ ಹಕ್ಕನ್ನು ನಿಲ್ಲಿಸಿದರೆ, ಲಾಭ ತಾರದವರ ಗತಿಯೇನು ಎಂಬ ಅಂಜಿಕೆ ನನಗಿದೆ. ಹಾಗಾಗಿ 1678ರ ಆ ಮಾತೇ ನನಗೆ ಹೆಚ್ಚು. ಪೆನ್ ಅದನ್ನು ಪೂರ್ತಿ ಬಾಳಲಿಲ್ಲ ಎಂಬುದನ್ನೂ ಹೇಳಬೇಕು. ಅವನು ಅಮೆರಿಕದಲ್ಲಿ ಕಟ್ಟಿದ ಪೆನ್ಸಿಲ್ವೇನಿಯಾ ವಸಾಹತಿನಲ್ಲಿ ದೇವರನ್ನು ನಂಬುವ ಯಾರಿಗೂ ಆರಾಧನೆಯ ಸ್ವಾತಂತ್ರ್ಯವಿತ್ತು, ಸರ್ಕಾರಿ ಹುದ್ದೆ ಮಾತ್ರ ಕ್ರಿಸ್ತನನ್ನು ನಂಬುವವರಿಗೆ. ಅವನ ಬಳಿ ಗುಲಾಮರೂ ಇದ್ದರು.

1689ರಲ್ಲಿ ಇಂಗ್ಲೆಂಡ್ ಸಹಿಷ್ಣುತೆಯ ಕಾಯ್ದೆ ತಂದಿತು. ಕ್ವೇಕರರು ಬಾಗಿಲು ತೆರೆದು ಸಭೆ ಸೇರುವಂತಾಯಿತು. ಅವರ ನಾಯಕ ಯಾರ ಪರ ನಿಂತು ಮಾತಾಡಿದ್ದನೋ ಆ ಕ್ಯಾಥೊಲಿಕರನ್ನು ಆ ಕಾಯ್ದೆ ಹೊರಗೇ ಇಟ್ಟಿತು.