ಐರಿಶ್ ಮದುವೆ: ಮಳೆಗೆ ಬಾಲ ಯೇಸು, ಬ್ರಹ್ಮಚಾರಿಗೆ ಸೀಮೆಸುಣ್ಣ

ಐರಿಶ್ ಮದುವೆ ಅಂತ ಹುಡುಕಿದರೆ ಸಿಗೋದು ವಧೂವರರ ಕೈಗೆ ರಿಬ್ಬನ್ ಸುತ್ತೋ ಫೋಟೊಗಳೇ. ನೋಡೋಕೆ ಚೆಂದ. ಆದರೆ ಬರೀ ಆ ಗಂಟಿನಿಂದ ಐರ್ಲೆಂಡ್‌ನಲ್ಲಿ ಮದುವೆ ಊರ್ಜಿತ ಆಗಲ್ಲ, ಮೂರು ತಿಂಗಳು ಮೊದಲೇ ರಿಜಿಸ್ಟ್ರಾರ್‌ಗೆ ನೋಟಿಸ್ ಕೊಟ್ಟಿರಬೇಕು. ಎರಡು ಕೈ ಹೃದಯ ಹಿಡಿದಿರೋ ಕ್ಲಾಡಾ ಉಂಗುರದ ಬಗ್ಗೆಯೂ ಎಲ್ಲರೂ ಬರೀತಾರೆ, ಬಿಡಿ. ನನ್ನ ಕೇಳಿದರೆ ಸ್ವಾರಸ್ಯ ಇರೋದು ಮಳೆಯಲ್ಲಿ, ಪಂಚಾಂಗದಲ್ಲಿ.

ಮಳೆಗೆ ಉಪಾಯ ‘ಚೈಲ್ಡ್ ಆಫ್ ಪ್ರಾಗ್’. ಕಿರೀಟ, ನಿಲುವಂಗಿ ತೊಟ್ಟ ಬಾಲ ಯೇಸುವಿನ ಪುಟ್ಟ ಮೂರ್ತಿ. ಬೆಂಗಳೂರಿನ ವಿವೇಕನಗರದಲ್ಲಿ ಜನ ಕೈಮುಗಿಯೋದೂ ಇದೇ ರೂಪಕ್ಕೆ. ಮದುವೆಯ ಹಿಂದಿನ ರಾತ್ರಿ ಇದನ್ನ ಹೊರಗೆ, ಬೇಲಿಗಿಡದ ಬುಡದಲ್ಲಿ ಇಟ್ಟರೆ ಮರುದಿನ ಮಳೆ ಇಲ್ಲ. ತಲೆ ಮುರಿದ ಮೂರ್ತಿಯಾದರೆ ಇನ್ನೂ ಒಳ್ಳೆಯದಂತೆ! ಆದರೆ ತಾನಾಗೇ ಮುರಿದಿರಬೇಕು, ಸುತ್ತಿಗೆ ಹಿಡಿದರೆ ಫಲ ಇಲ್ಲ. ಅಗಲ ನಿಲುವಂಗಿ, ಸಣ್ಣ ಕತ್ತು, ಮೇಲೆ ಕಿರೀಟದ ಭಾರ. ಪ್ಲಾಸ್ಟರ್ ಮೂರ್ತಿ ಬಿದ್ದರೆ ಮೊದಲು ಹೋಗೋದು ಕತ್ತೇ.

ಇನ್ನು ಪಂಚಾಂಗ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದಲ್ಲಿ, ನಮ್ಮ ಆಷಾಢದ ಹಾಗೆ, ಹಿಂದೆ ಮದುವೆ ಇರುತ್ತಿರಲಿಲ್ಲ. ಹಾಗಾಗಿ ಅದರ ಮುನ್ನಾದಿನದ ಶ್ರೋವ್ ಮಂಗಳವಾರದೊಳಗೆ ಮುಗಿಸೋ ಅವಸರ. ಉಳಿದುಹೋದವರಿಗೆ ಉಪವಾಸದ ಮೊದಲ ಭಾನುವಾರ, ಅಂದರೆ ‘ಚಾಕ್ ಸಂಡೇ’ ದಿನ, ಶಾಸ್ತಿ ಕಾದಿರುತ್ತಿತ್ತು: ಪೂಜೆಗೆ ಹೊರಟ ಬ್ರಹ್ಮಚಾರಿಯ ಕೋಟಿನ ಬೆನ್ನಿಗೆ ಹುಡುಗರು ಸೀಮೆಸುಣ್ಣದ ಗೀಟು ಎಳೆಯೋರು. ಐರ್ಲೆಂಡ್‌ನ ನೈಋತ್ಯದ ಕೆರ್ರಿ ತೀರದಾಚೆಯ ಸ್ಕೆಲಿಗ್ ಬಂಡೆಗಳಲ್ಲಿ ಹಳೇ ಪಂಚಾಂಗವೇ ನಡೆಯುತ್ತೆ, ಅಲ್ಲಿ ಉಪವಾಸ ತಡವಾಗಿ ಶುರು, ಇನ್ನೂ ಮದುವೆ ಆಗಬಹುದು ಅನ್ನೋ ನಂಬಿಕೆ ಬೇರೆ ಇತ್ತು. ಅದನ್ನೇ ಹಿಡಿದು, ಮದುವೆಯಾಗದವರನ್ನ ಮನಬಂದಂತೆ ಜೋಡಿ ಮಾಡಿ, ಇವರೆಲ್ಲ ಸ್ಕೆಲಿಗ್‌ಗೆ ಹೊರಟರು ಅಂತ ಹಾಡು ಕಟ್ಟಿ ಹಂಚೋರು. ತಮಾಷೆ ಅಂತಾರೆ. 1840ರ ದಶಕದ ಕ್ಷಾಮದ ನಂತರ ಜಮೀನು ಒಬ್ಬ ಮಗನಿಗೆ, ವರದಕ್ಷಿಣೆ ಒಬ್ಬ ಮಗಳಿಗೆ ಸಾಕಾದರೆ ದೊಡ್ಡದು. ಮಿಕ್ಕವರು ಒಂಟಿಯಾಗಿ ಉಳಿದದ್ದು ಅವರ ತಪ್ಪೇ? ನನಗಂತೂ ಅದು ಊರೆಲ್ಲ ಸೇರಿ ಮಾಡೋ ಅವಮಾನ.

ಮನೆಯಲ್ಲೇ ಮಾಡಬಹುದಾದ್ದು ಕರವಸ್ತ್ರದ ಶಾಸ್ತ್ರ. ಲೇಸ್ ಅಂಚಿನ, ಸುಮಾರು 11 ಇಂಚಿನ ಲಿನನ್ ಕರವಸ್ತ್ರ ವಧುವಿನ ಕೈಯಲ್ಲಿರುತ್ತೆ. ಮಗುವಾದ ಮೇಲೆ ಒಂದು ಅಂಚನ್ನ ಹಿಂದಕ್ಕೆ ಮಡಚಿ, ಎದುರಿನ ಅಂಚಿಗೆ ದಾರ ಓಡಿಸಿ ನೆರಿಗೆ ಹಿಡಿದು, ಮುಂದಿನ ಎರಡು ಮೂಲೆಗೆ ರಿಬ್ಬನ್ ಹೊಲಿದರೆ ನಾಮಕರಣದ ಕುಲಾವಿ ಸಿದ್ಧ. ಮಗಳು ದೊಡ್ಡವಳಾಗಿ ಮದುವೆಯಾಗುವಾಗ ಹೊಲಿಗೆ ಬಿಚ್ಚಿ ಮತ್ತೆ ಕರವಸ್ತ್ರ. ಆದ್ದರಿಂದ ಬಟ್ಟೆಗೆ ಕತ್ತರಿ ತಾಗಿಸಬೇಡಿ, ಮಷಿನ್ ಹೊಲಿಗೆ ಬೇಡವೇ ಬೇಡ. ಒತ್ತೊತ್ತಾದ ಹೊಲಿಗೆ ಬಿಚ್ಚಿದರೆ ತೂತಿನ ಸಾಲು ಉಳಿಯುತ್ತೆ. ಎತ್ತಿಡೋ ಮುಂಚೆ ಗಂಜಿ ಹಾಕಬೇಡಿ, ಗಂಜಿ ತಿನ್ನೋಕೆ ಹುಳ ಬರುತ್ತೆ.