ನಮ್ಮ ಬಗ್ಗೆ ಏನ್ ಹೇಳಿದ್ರು ಮೇಡಂ?

ಕಳೆದ ಶನಿವಾರದಿಂದ ಒಂದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಗರದ ಒಂದು ಸಂಸ್ಥೆಯಲ್ಲಿ ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣ ಇತ್ತು. ವಿಷಯ, ದುಡಿಯುವ ಹೆಂಗಸರು. ಸಂಸ್ಥೆಯ ಹೆಸರು ಬೇಡ. ಎಲ್ಲ ಕಡೆ ನಡೆಯುವುದೇ ಅಲ್ಲೂ ನಡೆಯಿತು. ಬೇರೆ ಬೇರೆ ರಾಜ್ಯಗಳಿಂದ ಸಮಾಜಶಾಸ್ತ್ರದವರು ಬಂದಿದ್ದರು. ಬೆಂಗಳೂರಿನ ಗಾರ್ಮೆಂಟ್ಸ್ ಬಗ್ಗೆಯೇ ಒಂದು ಗೋಷ್ಠಿ ಇತ್ತು. ಅದಕ್ಕೆ ಪೀಣ್ಯದ ಕಡೆಯಿಂದ ಮೂವರು ಹೆಂಗಸರನ್ನೂ ಕರೆಸಿದ್ದರು. ಒಂದೊಂದು ಗಿಡದ ಕುಂಡ ಕೈಗೆ ಕೊಟ್ಟು, ಫೋಟೊ ತೆಗೆದು, ಎರಡನೇ ಸಾಲಿನಲ್ಲಿ ಕೂರಿಸಿದರು. ಆಮೇಲೆ ಒಂದೂವರೆ ಗಂಟೆ ಬರೀ ಇಂಗ್ಲಿಷ್.

ನಾನು ಅವರ ಹಿಂದೆಯೇ ಕೂತಿದ್ದೆ. ನಡುವೆ ಇದ್ದ ಅಕ್ಕ ಆ ಕುಂಡವನ್ನು ನೆಲಕ್ಕಿಡಲಿಲ್ಲ. ಪೂರ್ತಿ ಹೊತ್ತು ತೊಡೆ ಮೇಲೆ ಹಿಡಿದುಕೊಂಡೇ ಕೂತಿದ್ದರು. ಪರದೆ ಮೇಲೆ ಅವರ ಫ್ಯಾಕ್ಟರಿಯ ಗೇಟಿನ ಚಿತ್ರ ಬಂತು. ಪಕ್ಕದವರ ಮೊಣಕೈ ತಿವಿದು ತೋರಿಸಿದರು. ಅವರಿಗೆ ಗೊತ್ತಾಗಿದ್ದು ಅದೊಂದೇ. ಅದಾದ ಮೇಲೆ ಬಂದಿದ್ದೆಲ್ಲ ಅಕ್ಷರ, ಅಂಕಿ, ಇಂಗ್ಲಿಷ್ ಮಾತು.

ಟೀ ಹೊತ್ತಿಗೆ ಆ ಅಕ್ಕ ನನ್ನ ಹತ್ತಿರ ಬಂದು ಕೇಳಿದರು. "ನೀವು ಕನ್ನಡದವ್ರಲ್ವಾ? ನಮ್ಮ ಬಗ್ಗೆ ಏನ್ ಹೇಳಿದ್ರು ಮೇಡಂ ಅವ್ರು?"

ಐದು ನಿಮಿಷದಲ್ಲಿ ಹೇಳಿದೆ. ಟಾರ್ಗೆಟ್ ಹೇಗೆ ಏರಿಸುತ್ತಾರೆ, ಬಾತ್‌ರೂಮಿಗೆ ಎದ್ದು ಹೋಗುವುದಕ್ಕೂ ಹೇಗೆ ಹೆದರಬೇಕು, ಭಾನುವಾರವೂ ಕರೆಸಿ ಓಟಿ, ಅಂದರೆ ಓವರ್‌ಟೈಮ್, ಮಾಡಿಸುತ್ತಾರೆ. ಅಲ್ಲಿವರೆಗೆ ತಲೆಯಾಡಿಸುತ್ತಿದ್ದ ಅಕ್ಕ ಓಟಿ ಅಂದ ಕೂಡಲೇ ತಡೆದರು.

"ಓಟಿ ಅಲ್ಲ ಮೇಡಂ, ಅದು ಕಾಂಪ್-ಆಫ್. ಮಾಲು ಬಂದಿಲ್ಲ ಅಂತ ಮಧ್ಯದಲ್ಲಿ ಒಂದಿನ ಮನೆಗೆ ಕಳಿಸ್ತಾರೆ. ಆ ದಿನಾನ ಭಾನುವಾರ ಬಂದು ತೀರಿಸ್ಬೇಕು. ದುಡ್ಡು ಜಾಸ್ತಿ ಏನೂ ಬರಲ್ಲ. ಓಟಿ ಅಂತ ಬರೆದ್ರೆ ನಮಗೆ ಡಬಲ್ ಬರ್ತಿದೆ ಅಂತ ಓದೋರು ಅಂದ್ಕೊಳ್ಳಲ್ವಾ?"

ನಾನು ಸುಮ್ಮನೆ ನಿಂತುಬಿಟ್ಟೆ. ಕಾನೂನಿನ ಪ್ರಕಾರ ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕು. ಆ ಖರ್ಚು ಉಳಿಸಲು ಹುಟ್ಟಿದ ದಾರಿಯೇ ಈ ಕಾಂಪ್-ಆಫ್. ಇಡೀ ಪ್ರಬಂಧಕ್ಕೆ ಬೆನ್ನೆಲುಬು ಆಗಬೇಕಿದ್ದ ಮಾತು ಇದು. ಗೋಷ್ಠಿ ಮುಗಿದ ಮೇಲೆ, ಬಿಸ್ಕತ್ತಿನ ತಟ್ಟೆ ಪಕ್ಕ ನಿಂತು, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಹೇಳಿದರು. ಕೇಳಿಸಿಕೊಂಡವಳು ನಾನೊಬ್ಬಳೇ.

ಪ್ರಬಂಧ ಮಂಡಿಸಿದ ಹುಡುಗಿಯನ್ನು ಹುಡುಕಿ ಕರೆತಂದೆ. ಅವಳಿಗೆ ಕನ್ನಡ ಬರುವುದಿಲ್ಲ. ಎರಡು ವರ್ಷ ಪೀಣ್ಯದ ಗಲ್ಲಿಗಳಲ್ಲಿ ಓಡಾಡಿದ್ದಾಳೆ, ಜೊತೆಗೊಬ್ಬರು ಅನುವಾದ ಮಾಡುತ್ತಿದ್ದರಂತೆ. ನಾನು ಹೇಳುತ್ತಿದ್ದಂತೆ ಪುಸ್ತಕ ತೆಗೆದು ಬರೆದುಕೊಂಡಳು. ಅಕ್ಕನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ಅವಳ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಸಿಟ್ಟು ಇರುವುದು ಪದ್ಧತಿ ಮೇಲೆ. ಮಾತು ತಗೊಳ್ಳುವುದು ಕನ್ನಡದಲ್ಲಿ. ಅದನ್ನು ವಾಪಸ್ ಹೇಳುವ ಹೊತ್ತಿಗೆ ಮಾತ್ರ ಕನ್ನಡ ಯಾಕೆ ಬೇಡವಾಗುತ್ತದೆ?

ನಮ್ಮ ಸಮಾಜಶಾಸ್ತ್ರಕ್ಕೆ ಈ ನೆಲದ ಋಣ ಎಷ್ಟಿದೆ ಅಂತ ಸ್ವಲ್ಪ ನೋಡಿ. ಹೆಸರಾಂತ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನವರು. 1948ರಲ್ಲಿ ಕೊಡಗಹಳ್ಳಿಗೆ ಹೋಗಿ ಕೂತು, ಊರಿನವರ ಜೊತೆ ಕನ್ನಡದಲ್ಲೇ ಮಾತಾಡಿ ಅಧ್ಯಯನ ಮಾಡಿದರು. ಬರೆಯುವಾಗ ಆ ಊರಿಗೆ ರಾಮಪುರ ಅಂತ ಹೆಸರಿಟ್ಟರು. ಪ್ರಬಲ ಜಾತಿ, ಅಂದರೆ ಜನಬಲ, ಭೂಮಿಯಿಂದ ಊರಿನ ಮೇಲೆ ಹಿಡಿತ ಇಟ್ಟುಕೊಂಡ ಜಾತಿ, ಅನ್ನುವ ಕಲ್ಪನೆ ಗಟ್ಟಿಯಾಗಿದ್ದು ಆ ಊರಿನ ಅನುಭವದಿಂದ. ಇವತ್ತು ಟಿವಿಯವರು ದಿನಕ್ಕೆ ನೂರು ಸಲ ಹೇಳುವ ವೋಟ್ ಬ್ಯಾಂಕ್ ಅನ್ನುವ ಪದವೂ ಅವರದೇ, 1955ರ ಲೇಖನದ್ದು. 1970ರಲ್ಲಿ ಅಮೆರಿಕದಲ್ಲಿ ಅವರ ಕೋಣೆಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳು ಸುಟ್ಟುಹೋದವು. ಆಗ ನೆನಪಿನಿಂದಲೇ ಊರನ್ನು ಮತ್ತೆ ಕಟ್ಟಿದರು. ಆ ನೆನಪು ಯಾವ ಭಾಷೆಯಲ್ಲಿ ಕೇಳಿದ ಮಾತುಗಳದ್ದು? 1972ರಲ್ಲಿ ಬೆಂಗಳೂರಿಗೆ ಬಂದವರು ಕೊನೆವರೆಗೂ ಇಲ್ಲೇ ಇದ್ದರು. 1999ರಲ್ಲಿ ತೀರಿಕೊಂಡಿದ್ದೂ ಇಲ್ಲೇ. ಮಂಡ್ಯದ ನಾಲೆ ನೀರು ಬಂದ ಹಳ್ಳಿಯನ್ನೂ ನೀರು ಬಾರದ ಹಳ್ಳಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರ ಕೆಲಸವನ್ನು ಇವತ್ತಿಗೂ ಪಾಠ ಮಾಡುತ್ತೇವೆ. ಜಗತ್ತಿಗೆ ಹೋದ ಇಷ್ಟೊಂದು ಸರಕು ಕನ್ನಡದ ಬಾಯಿಗಳಿಂದ ಬಂದದ್ದು.

ಈಗ ನನ್ನ ವಿದ್ಯಾರ್ಥಿನಿಯ ವಿಷಯಕ್ಕೆ ಬರುತ್ತೇನೆ. ನಾನು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಅಂತ ನಿಮಗೆ ಗೊತ್ತೇ ಇದೆ. ಇವಳು ನನ್ನ ಹತ್ತಿರ ಬಿಎ ಓದಿ, ಆಮೇಲೆ ಎಂಎ ಮಾಡಿದವಳು. ಅವಳ ತಾಯಿ ತುಮಕೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್. 2016ರ ಏಪ್ರಿಲ್ ನೆನಪಿದೆಯಾ? ಮಾಲೀಕರ ಪಾಲಿನ ಪಿಎಫ್ ದುಡ್ಡನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ನಿಯಮ ಬಂತು. ಸಾವಿರಾರು ಹೆಂಗಸರು ಯಾವ ನಾಯಕರನ್ನೂ ಕಾಯದೆ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವಳ ತಾಯಿಯೂ ಆ ಗುಂಪಿನಲ್ಲಿದ್ದರು.

ಎಂಎ ಪ್ರಾಜೆಕ್ಟಿಗೆ ಈ ಹುಡುಗಿ ಒಂದೇ ಪ್ರಶ್ನೆ ಇಟ್ಟುಕೊಂಡಳು. ಆ ದುಡ್ಡು ಯಾಕೆ ಬೇಕಿತ್ತು? ಅಮ್ಮನ ಜೊತೆಯವರನ್ನು ಒಬ್ಬೊಬ್ಬರನ್ನಾಗಿ ಕೇಳಿದಳು. ಚೀಟಿ ಸಾಲ. ಮಗಳ ಮದುವೆ. ಮನೆ ಭೋಗ್ಯಕ್ಕೆ ಹಾಕಿಕೊಳ್ಳಲು. ಊರಲ್ಲಿ ನಿಂತುಹೋದ ಗೋಡೆ ಎತ್ತಲು. ನಾಲ್ಕೈದು ವರ್ಷಕ್ಕೊಮ್ಮೆ ಕೆಲಸ ಬಿಟ್ಟು ಪಿಎಫ್ ತಗೊಂಡು, ಬೇರೆ ಫ್ಯಾಕ್ಟರಿಯಲ್ಲಿ ಮತ್ತೆ ಹೆಲ್ಪರ್ ಆಗಿ ಸೇರಿದವರಿದ್ದರು. ಸರ್ಕಾರಕ್ಕೆ ಅದು ಮುಪ್ಪಿನ ಕಾಲದ ದುಡ್ಡು, ಈ ಹೆಂಗಸರಿಗೆ ಅದು ಬದುಕಿನ ನಡುವಿನ ದುಡ್ಡು ಅಂತ ಬರೆದಿದ್ದಳು. ಆ ಸಾಲು ಓದಿದ ದಿನ ನಾನು ನಾಲ್ಕು ಜನರಿಗೆ ಫೋನ್ ಮಾಡಿ ಹೇಳಿದ್ದೆ. ಅಷ್ಟು ಖುಷಿಯಾಗಿತ್ತು.

ಅದನ್ನೊಂದು ಸಮ್ಮೇಳನಕ್ಕೆ ಕಳಿಸಿದಳು. ಸಾರಾಂಶ ಇಂಗ್ಲಿಷ್‌ನಲ್ಲಿ ಇರಬೇಕು ಅಂತ ಉತ್ತರ ಬಂತು. ಯಾರನ್ನೂ ಕೇಳದೆ ಮೊಬೈಲಿನಲ್ಲೇ ಅನುವಾದ ಮಾಡಿ ಕಳಿಸಿದಳು. ನಾನು ಆಮೇಲೆ ನೋಡಿದೆ. ಚೀಟಿ ಅನ್ನುವುದು ಸ್ಲಿಪ್ ಆಗಿತ್ತು. ಭೋಗ್ಯ ಅನ್ನುವುದು ಎಂಜಾಯ್‌ಮೆಂಟ್ ಆಗಿತ್ತು. ಸ್ಲಿಪ್‌ಗೋಸ್ಕರ, ಎಂಜಾಯ್‌ಮೆಂಟ್‌ಗೋಸ್ಕರ ಹೆಂಗಸರು ಪಿಎಫ್ ತೆಗೆದರು ಅಂತ ಓದಿದವರು ಏನು ಅಂದುಕೊಂಡಿರಬೇಕು? ಸಾರಾಂಶ ತಿರಸ್ಕಾರವಾಯಿತು. ಹುಡುಗಿ ಕಾಲೇಜಿಗೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲೇ ಅತ್ತಳು.

ಇನ್ನು ಫೆಲೋಶಿಪ್ ಮಾತು. ನೆಟ್ ಅನ್ನುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆದು ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಗಿಟ್ಟಿಸಿದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ ಮೇಲೆ 42,000. ಗಾರ್ಮೆಂಟ್ಸ್ ಟೈಲರ್ ಮಗಳಿಗೆ ಅಷ್ಟು ದುಡ್ಡು ಬಂದರೆ ಮನೆ ದಿಕ್ಕೇ ಬದಲಾಗುತ್ತದೆ. 2024ರಿಂದ ಪಿಎಚ್‌ಡಿ ಸೇರುವುದಕ್ಕೂ ನೆಟ್ ಅಂಕ ಲೆಕ್ಕಕ್ಕೆ ಬರುತ್ತಿದೆ. ಆದರೆ ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಿಂದಿಯಲ್ಲಿ ಎಂಎ ಓದಿದ ಹುಡುಗ ತನ್ನ ಭಾಷೆಯಲ್ಲೇ ಪ್ರಶ್ನೆ ಓದುತ್ತಾನೆ. ಕನ್ನಡದಲ್ಲಿ ಓದಿದವಳು ಓದುವ ಹಾಗಿಲ್ಲ. ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್‌ನಲ್ಲಿ ಕನ್ನಡ ಇದೆ, ಸರಿ. ಅದು ಪಾಸಾದರೆ ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕಿ ಆಗುವ ಅರ್ಹತೆ ಸಿಗುತ್ತದೆ, ಫೆಲೋಶಿಪ್ ಸಿಗುವುದಿಲ್ಲ. ಸಂಶೋಧನೆ ಮಾಡುವ ಆ ಐದು ವರ್ಷ ಊಟಕ್ಕೆ ಏನು ಮಾಡುವುದು?

"ರಾಷ್ಟ್ರಮಟ್ಟದ ವಿದ್ವಾಂಸರ ಬಳಗ ಅಂದಮೇಲೆ ಒಂದು ಸಾಮಾನ್ಯ ಭಾಷೆ ಬೇಕಲ್ವಾ, ತಮಿಳಿನವರಿಗೆ ಬಂಗಾಳಿಯವರಿಗೆ ಕನ್ನಡ ಅರ್ಥ ಆಗುತ್ತಾ?" ಅಂತ ಸಂಕಿರಣದಲ್ಲೇ ಹಿರಿಯರೊಬ್ಬರು ನನಗೆ ಹೇಳಿದರು. ಬೇಕು ಸಾರ್, ಇಂಗ್ಲಿಷ್ ಇರಲಿ. ನಾನೂ ಕಷ್ಟಪಟ್ಟು ಕಲಿತಿದ್ದೇನೆ, ನನ್ನ ಹುಡುಗರಿಗೂ ಕಲಿಸುತ್ತೇನೆ. ಆದರೆ ನಾನು ಕೇಳುತ್ತಿರುವುದು ಎಷ್ಟು? ಬೆಂಗಳೂರಿನಲ್ಲಿ ನಡೆದ ಅಧ್ಯಯನಕ್ಕೆ ಕನ್ನಡದಲ್ಲಿ ನಾಲ್ಕು ಪುಟ. ಗೋಷ್ಠಿಯಲ್ಲಿ ಹತ್ತು ನಿಮಿಷ ಕನ್ನಡ. ಕನ್ನಡದಲ್ಲಿ ಬಂದ ಸಾರಾಂಶ ಓದಬಲ್ಲ ಒಬ್ಬರು. ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ ಅವರು 1951ರಲ್ಲಿ ಬಾಂಬೆಯಲ್ಲಿ ಕಟ್ಟಿದ ಭಾರತೀಯ ಸಮಾಜಶಾಸ್ತ್ರ ಸಂಘ ಮರುವರ್ಷವೇ ಇಂಗ್ಲಿಷ್ ಪತ್ರಿಕೆ ಶುರುಮಾಡಿತು. 2014ರಿಂದ ಹಿಂದಿ ಪತ್ರಿಕೆಯನ್ನೂ ತರುತ್ತಿದೆ. ಆ ಪತ್ರಿಕೆ ಬಂದಿದ್ದಕ್ಕೆ ನನಗೆ ನಿಜವಾಗಲೂ ಸಂತೋಷ ಇದೆ. ಹಿಂದಿಯಲ್ಲಿ ಸಾಧ್ಯವಾದದ್ದು ಕನ್ನಡದಲ್ಲಿ, ತೆಲುಗಿನಲ್ಲಿ, ಮರಾಠಿಯಲ್ಲಿ ಆಗಬಾರದು ಅನ್ನುವುದಕ್ಕೆ ಕಾರಣ ಏನು?

ಕನ್ನಡದಲ್ಲಿ ಪದ ಇಲ್ಲ ಅನ್ನುವ ಮಾತಂತೂ ನನ್ನ ಹತ್ತಿರ ಹೇಳಬೇಡಿ. ಕೊಡುಕೊಳ್ಳುವಿಕೆಯ ಪಾಠಕ್ಕೆ ಪುಸ್ತಕದಲ್ಲಿ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ನೋಡಿದ ಟ್ರೋಬ್ರಿಯಾಂಡ್ ದ್ವೀಪದ ಉದಾಹರಣೆ ಇದೆ. ದೋಣಿಯಲ್ಲಿ ಹೋಗಿ ಚಿಪ್ಪಿನ ಸರ, ಚಿಪ್ಪಿನ ಬಳೆ ಕೊಟ್ಟು ತಗೊಳ್ಳುವುದು. ಹುಡುಗರು ಮಂಕಾಗಿ ಕೂತಿದ್ದರು. "ನಿಮ್ಮನೆ ಮದುವೇಲಿ ಮುಯ್ಯಿ ಬರೆಸ್ತಾರಲ್ಲ, ಅದು" ಅಂದೆ. ಇಡೀ ಕ್ಲಾಸು ಮಾತಾಡಲು ಶುರುಮಾಡಿತು. "ನಮ್ಮಮ್ಮ ಮುಯ್ಯಿ ಬುಕ್ ಬೀರುವಲ್ಲಿ ಬೀಗ ಹಾಕಿಟ್ಟವ್ರೆ ಮೇಡಂ." "ಅವ್ರು ಐನೂರು ಹಾಕಿದ್ರೆ ನಾವು ಆರ್ನೂರಾದ್ರೂ ಹಾಕ್ಬೇಕು." "ನಮ್ಮೂರಲ್ಲಿ ನಾಟಿಗೆ ಮುಯ್ಯಾಳು ಹೋಗ್ತಾರೆ." ಕೊಟ್ಟದ್ದು ಸಾಲವಾಗಿ ಉಳಿಯುತ್ತದೆ, ತೀರಿಸುವಾಗ ಒಂಚೂರು ಹೆಚ್ಚಿಗೆ ಕೊಡಬೇಕು, ಕೊಡದಿದ್ದರೆ ಸಂಬಂಧ ಕೆಡುತ್ತದೆ. ನಾನು ಹೇಳಬೇಕಿದ್ದನ್ನೆಲ್ಲ ಅವರೇ ಹೇಳಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ 1991ರಿಂದ ಕನ್ನಡದಲ್ಲೇ ಸಂಶೋಧನೆ ನಡೆದಿದೆ. ಮತ್ತೆ ಪದ ಇಲ್ಲ ಅಂದರೆ ಯಾರು ಒಪ್ಪುತ್ತಾರೆ?

ಇಷ್ಟೆಲ್ಲ ಬರೆದವಳು ಒಂದು ವಿಷಯ ಒಪ್ಪಿಕೊಳ್ಳಬೇಕು. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಎಂಎ ಮುಗಿದ ಹೊಸದರಲ್ಲಿ ಒಂದು ಸಂಶೋಧನಾ ಯೋಜನೆಗೆ ಶಿಡ್ಲಘಟ್ಟದಲ್ಲಿ ಮಾಹಿತಿ ಸಂಗ್ರಹ ಮಾಡಿದ್ದೆ. ಫಾರಂ ಲೆಕ್ಕದಲ್ಲಿ ದುಡ್ಡು. ರೇಷ್ಮೆ ನೂಲು ಬಿಚ್ಚುವ ಒಂದು ಅಜ್ಜಿ ಇದ್ದರು. ಬಿಸಿನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ಬೆರಳ ತುದಿಯೆಲ್ಲ ಬಿಳಿಚಿ ಸುಕ್ಕುಗಟ್ಟಿತ್ತು. ಎರಡು ಗಂಟೆ ಕೆಲಸ ಬಿಟ್ಟು ನನ್ನ ಜೊತೆ ಮಾತಾಡಿದರು. ಅವತ್ತಿನ ಕೂಲಿಯಲ್ಲಿ ಅಷ್ಟು ಕಮ್ಮಿ ಆಗಿರುತ್ತದೆ ಅನ್ನುವುದು ನನಗೆ ಆಗ ಹೊಳೆಯಲೇ ಇಲ್ಲ. ಎದ್ದು ಹೊರಡುವಾಗ ಕೇಳಿದರು. "ಇದನ್ನೆಲ್ಲ ಬರ್ಕೊಂಡೋಗಿ ಏನ್ಮಾಡ್ತೀಯವ್ವ?" ನಾನು ಹೇಳಿದೆ. "ಪುಸ್ತಕ ಬರುತ್ತಜ್ಜಿ. ತಂದು ಓದಿ ಹೇಳ್ತೀನಿ."

ವರದಿ ಬಂತು. ಇಂಗ್ಲಿಷ್‌ನಲ್ಲಿ. ಅಜ್ಜಿ ಹೇಳಿದ ಒಂದು ಮಾತು ನನ್ನದೇ ಅನುವಾದದಲ್ಲಿ, ಹೆಸರಿಲ್ಲದೆ, ಒಂದು ಪುಟದ ಮಧ್ಯ ಇತ್ತು. ನಾನು ವಾಪಸ್ ಹೋಗಲಿಲ್ಲ. ಬೆಂಗಳೂರಿಂದ ಶಿಡ್ಲಘಟ್ಟ ಎಷ್ಟು ದೂರ ಹೇಳಿ? ಬೆಳಗ್ಗೆ ಬಸ್ ಹತ್ತಿದರೆ ಸಂಜೆಗೆ ಮನೆಗೆ ಬರಬಹುದು. ಮೊನ್ನೆ ಆ ಅಕ್ಕ "ನಮ್ಮ ಬಗ್ಗೆ ಏನ್ ಹೇಳಿದ್ರು" ಅಂದಾಗ ನನಗೆ ಕೇಳಿಸಿದ್ದು ಅಜ್ಜಿಯ ದನಿ.

ಅದಕ್ಕೆ ಈ ಸಲ ಬಿಡಬಾರದು ಅಂತ ತೀರ್ಮಾನ ಮಾಡಿದೆ. ಪ್ರಬಂಧ ಮಂಡಿಸಿದ ಹುಡುಗಿ, ನನ್ನ ವಿದ್ಯಾರ್ಥಿನಿ, ನಾನು, ಮೂವರೂ ಈ ವಾರ ಪೂರ್ತಿ ಸಂಜೆ ಕೂತು ಆ ಪ್ರಬಂಧವನ್ನು ಕನ್ನಡದಲ್ಲಿ ನಾಲ್ಕು ಪುಟ ಮಾಡಿದ್ದೇವೆ. ಪ್ರಿಕ್ಯಾರಿಟಿ ಅನ್ನುವ ಪದದ ಹತ್ತಿರ ನಾನು ನಿಂತೆ. ಅಭದ್ರತೆ, ಅನಿಶ್ಚಿತತೆ ಅಂತ ಏನೇನೋ ಬರೆದು ಹೊಡೆದು ಹಾಕಿದೆ. ನನ್ನ ವಿದ್ಯಾರ್ಥಿನಿ "ಅಮ್ಮ ಅದಕ್ಕೆ ಇವತ್ತಿದ್ರೆ ನಾಳೆ ಇಲ್ಲ ಅಂತಾರೆ ಮೇಡಂ" ಅಂದಳು. ಹಾಗೇ ಇಟ್ಟೆವು. ಓಟಿ ಅಂತ ಇದ್ದ ಕಡೆಯೆಲ್ಲ ತಿದ್ದಿದೆವು, ಇಂಗ್ಲಿಷ್ ಪ್ರಬಂಧದಲ್ಲೂ. ವಿದ್ಯಾರ್ಥಿನಿಯ ಸಾರಾಂಶವನ್ನೂ ಮೂವರೂ ಸೇರಿ ಇಂಗ್ಲಿಷ್‌ಗೆ ಮಾಡುತ್ತಿದ್ದೇವೆ. ಅದರಲ್ಲಿ ಚೀಟಿ ಚೀಟಿಯಾಗಿಯೇ ಇದೆ, ಭೋಗ್ಯ ಭೋಗ್ಯವಾಗಿಯೇ ಇದೆ, ಪಕ್ಕದಲ್ಲಿ ಎರಡು ಸಾಲು ವಿವರಣೆ.

ಈ ಭಾನುವಾರ ಪೀಣ್ಯದಲ್ಲಿ ಆ ಅಕ್ಕನ ಮನೆ ಟೆರೇಸ್ ಮೇಲೆ ಕೂತು ಓದುವುದು ಅಂತ ಮಾತಾಗಿತ್ತು. ಇಪ್ಪತ್ತು ಜನ ಬರುತ್ತಾರೆ ಅಂದಿದ್ದರು. ಇವತ್ತು ಮಧ್ಯಾಹ್ನ ಅವರ ಫೋನ್ ಬಂತು.

"ಈ ಭಾನುವಾರ ಕಾಂಪ್-ಆಫ್ ಹಾಕವ್ರೆ ಮೇಡಂ. ಮುಂದಿನ ವಾರ ಬನ್ನಿ."